ತೂತು ಕೊರೆಯದ ಪೆಡಲ್

ರಾಯಪುರಂ, ಚೆನ್ನೈ
೧೧ ಫೆಬ್ರವರಿ ೨೦೦೩

ಪ್ರೀತಿಯ ಅವ್ವನಿಗೆ, ತೇಜಶ್ರೀಯ ಶರಣು.

ಫೋನಿನಲ್ಲಿ ನೀನು ಹೇಳಿದ್ದನ್ನು ಕೇಳಿಸಿಕೊಂಡೆ. ಒಪ್ಪಲಿಲ್ಲ. ಹುಡುಗರ ಜೊತೆ ಹಠ ಬೇಡ, ಹೊಂದಿಕೊಂಡು ಹೋಗು ಎಂದೆ ನೀನು. ಅವರು ಕೇಳುತ್ತಿರುವುದು ಏನೆಂದು ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ನಮ್ಮ ಕಾಲೇಜಿನವರು ಕಟ್ಟುತ್ತಿರುವ ಸೌರಗಾಡಿಗೆ ಬ್ರೇಕಿನ ಪೆಡಲ್ ಮಾಡಿದವಳು ನಾನು. ನಕ್ಷೆ ಬರೆದವಳೂ ನಾನೇ, ಅಲ್ಯೂಮಿನಿಯಂ ಕೊಯ್ದು ಉಜ್ಜಿದವಳೂ ನಾನೇ. ಬಿಸಿಲಿನಿಂದ ಸಿಗುವ ಶಕ್ತಿ ಕಡಿಮೆ, ಗಾಡಿ ಹಗುರವಾಗಿರಬೇಕು ಎಂದು ತಂಡದ ನಾಯಕ ಸುಜಯೀಂದ್ರ ಪೆಡಲಿನ ತುಂಬ ತೂತು ಕೊರೆಯಲು ಹೇಳಿದ. ಅಂಥದೇ ಇನ್ನೊಂದನ್ನು ಮಾಡಿ, ಕೊರೆದು, ಅಂಗಡಿಯಲ್ಲೇ ದೊಡ್ಡಪ್ಪನನ್ನು ಅದರ ಮೇಲೆ ನಿಲ್ಲಿಸಿದೆ. ತೂತಿಲ್ಲದ್ದು ಅವರ ಭಾರ ತಡೆದಿತ್ತು. ಇದು ತೂತಿನ ಬಳಿಯೇ ಬಿರಿಯಿತು. ತೊಗರಿಬೇಳೆ ಮೂಟೆಗಳ ಮೇಲೆ ಕುಸಿದು ಕುಳಿತ ದೊಡ್ಡಪ್ಪ, ‘ಪರೀಕ್ಷಾ ನಿಂದೋ ನಂದೋ ಯವ್ವಾ’ ಎಂದರು.

ಮುರಿದ ತುಂಡನ್ನು ಸುಜಯೀಂದ್ರನ ಮುಂದಿಟ್ಟೆ. ತಲೆಮಾರುಗಳಿಂದ ಮದ್ರಾಸಿನಲ್ಲಿರುವ ಮನೆಯ ಕನ್ನಡ ಅವನದು. ‘ಏನಮ್ಮಾ, ಗಾಡಿ ಓಡಕ್ಕೆ ಮಾಡ್ತಿದೀಯಾ, ನಿಲ್ಲಕ್ಕಾ? ನಿಮ್ಮ ದೊಡ್ಡಪ್ಪನ್ನೇನು ಕೂಡಿಸಲ್ಲ, ಸುಮ್ಮಾ ಕೊರಿ’ ಎಂದ. ಎಲ್ಲರೂ ನಕ್ಕರು.

‘ನಿಲ್ಲದ ಗಾಡಿಗೆ ಓಡ್ತು ಅನ್ನಂಗಿಲ್ಲ, ತಪ್ಪಿಸ್ಕೊಂಡು ಹೋತು ಅನಬೇಕು’ ಎಂದೆ.

ಕರಪತ್ರ ಓದಿ ಕೆಟ್ಟೆ ಎಂದು ಬೈಯುತ್ತೀಯಲ್ಲ, ಬೈ. ಎಣ್ಣೂರಿನಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಕಾರ್ಖಾನೆಯ ಬೂದಿಯ ಬಗ್ಗೆ ಓದಿಯೇ ನಾನು ಈ ತಂಡ ಸೇರಿದ್ದು. ಯಂತ್ರ ಮುಂದೆ ಓಡಲೆಂದು ಮನುಷ್ಯನ ಜೀವದಲ್ಲಿ ಕಡಿತ ಮಾಡುವುದು ಹಳೆಯ ಕಾರ್ಖಾನೆಯ ಬುದ್ಧಿ. ಸೂರ್ಯನ ಹೆಸರಿನಲ್ಲಿ ಮಾಡಿದರೂ ಅದೇ ಬುದ್ಧಿ.

ನೀನು ಕೊರೆಯದಿದ್ದರೆ ನಾನೇ ಕೊರೆಯುತ್ತೇನೆ ಎಂದ ಸುಜಯೀಂದ್ರ. ಅದಕ್ಕೇ ಇಂದು ಪೆಡಲನ್ನು ಬಿಚ್ಚಿ ಮನೆಗೆ ತಂದುಬಿಟ್ಟೆ. ಈಗ ಅದು ದೊಡ್ಡಪ್ಪನ ಅಂಗಡಿಯ ಗಲ್ಲಾದಲ್ಲಿದೆ. ಭಾನುವಾರ ಎಣ್ಣೂರು ರಸ್ತೆಯಲ್ಲಿ ಮೊದಲ ಓಟ. ನನ್ನ ಪೆಡಲ್ ಇದ್ದ ಹಾಗೆಯೇ ಕೂರಬೇಕು, ಇಲ್ಲವೇ ಗಾಡಿ ಶೆಡ್ಡಿನಲ್ಲಿ ಕೂರಬೇಕು. ತಂಡದಿಂದ ನನ್ನ ಹೆಸರು ಹೊಡೆದುಹಾಕುತ್ತಾರಂತೆ. ಹಾಕಲಿ.

ಈ ಸಲ ನಿನ್ನ ಮಾತು ಕೇಳದ
ತೇಜಶ್ರೀ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ, ನ್ಯಾಯಕ್ಕಾಗಿ ಅಲ್ಲ, ತಮ್ಮನಿಗಾಗಿ ಜಗಳವಾಡಿದಳು ಅಂದುಕೊಳ್ಳುತ್ತೀಯೆಂದು. ತಂಡದಲ್ಲಿ ಎಲ್ಲರಿಗಿಂತ ಹಗುರವಾದವನು ನಮ್ಮ ವೀರೇಶ್. ಅದಕ್ಕೇ ಗಾಡಿ ಓಡಿಸುವವನು ಅವನೇ. ನಿನಗೆ ಹೇಳಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾನೆ, ಕೊರೆದು ಕೊಡು ಎಂದು ಕಾಲಿಗೂ ಬೀಳುತ್ತಿದ್ದಾನೆ. ಈಗ ಫೋನ್ ಮಾಡಿ ಹೇಳವ್ವ, ಹೊಂದಿಕೊಂಡು ಹೋಗಲಾ?