ಬೆಳ್ಳಿ ತಂತಿಯ ಕೈ

ಮೊಂಪೊಸ್,
ಆಗಸ್ಟ್ ೧೪, ಬುಧವಾರ

ಲಿಬಾರ್ದೋ,

'ಪ್ರೀತಿಯ' ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ನೀನು ಜೈಲಿಗೆ ಹೋದ ಮೂರು ವರ್ಷದಲ್ಲಿ ಇದೇ ನನ್ನ ಮೊದಲ ಕಾಗದ. ಭಾನುವಾರ ಚರ್ಚಿನ ಅಂಗಳದಲ್ಲಿ ನಡೆದದ್ದು ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನರ್ಸ್ ಅಮಿಂತಾ ನಿನಗೆ ನೆನಪಿರಬೇಕು. ಕೋರ್ಟಿನಲ್ಲಿ ನನ್ನ ಕೈಯ ಎಕ್ಸ್‌ರೇ ಎತ್ತಿ ತೋರಿಸಿದವಳು. ಏಟು ತಿಂದು ಮನೆ ಬಿಟ್ಟ ಹೆಂಗಸರಿಗೆ ತಂಗಲು ನದಿ ದಂಡೆಯಲ್ಲಿ ಒಂದು ಮನೆ ಮಾಡಬೇಕೆಂದು ಓಡಾಡುತ್ತಿದ್ದಾಳೆ. ಅದಕ್ಕಾಗಿ ಒಡವೆಗಳ ಹರಾಜು ಇಟ್ಟಿದ್ದಳು. ಊರಿನ ಅಕ್ಕಸಾಲಿಗರೆಲ್ಲ ಒಂದೊಂದು ಕೊಡುತ್ತಿದ್ದರು. ನಾನು ತಂತಿ ಹೂವೊಂದರ ಚಿತ್ರ ಬರೆದುಕೊಂಡು ಹೋದೆ. ಅವಳು ಕಾಗದ ಮಗುಚಿಟ್ಟಳು.

"ಹೂವು ಎಲ್ರೂ ಮಾಡ್ತಾರೆ ಕಣೇ ಎದಿಲ್ಮಾ. ನಿನ್ನಿಂದ ಮಾತ್ರ ಆಗೋ ಅಂಥದ್ದು ಏನಾದ್ರೂ ಮಾಡು."

"ಎರಡು ಬೆರಳು ಮಡಚೋದೇ ಇಲ್ಲ. ಈ ಕೈಯಲ್ಲಿ ಏನು ಮಾಡ್ಲಿ?" ಅಂದೆ.

"ಆ ಕೈಯನ್ನೇ ಮಾಡು" ಅಂದಳು.

ಮನೆಗೆ ಬಂದು ಎಡಗೈಯನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದೆ. ಸೊಟ್ಟ ಬೆರಳುಗಳು ಸೊಟ್ಟಗೇ ಬಂದವು. ಅವನ್ನು ನೆಟ್ಟಗೆ ತಿದ್ದಲು ಮೂರು ಸಲ ರಬ್ಬರ್ ತೆಗೆದುಕೊಂಡು ಮೂರು ಸಲವೂ ಕೆಳಗಿಟ್ಟೆ.

ಕೋರ್ಟಿನಲ್ಲಿ ನೀನು "ಕುಡಿದಿದ್ದೆ, ನೆನಪಿಲ್ಲ" ಅಂದೆ. ನನಗೆ ನೆನಪಿದೆ. ಅವತ್ತು ಬರಾಂಕಿಯಾ ಪಟ್ಟಣದಿಂದ ಒಡವೆ ಕೊಳ್ಳಲು ಬಂದ ಹೆಂಗಸು ನೀನು ಮಾಡಿದ್ದನ್ನೆಲ್ಲ ಬಿಟ್ಟು ನಾನು ಮಾಡಿದ ಓಲೆ ಎತ್ತಿಕೊಂಡಳು. "ಇದನ್ನ ಮಾಡಿದ ಕೈ ಯಾವುದು, ತೋರಿಸಿ" ಎಂದು ನನ್ನ ಕೈ ಹಿಡಿದು ನೋಡಿದಳು. ಅವಳು ಹೋದ ಮೇಲೆ ನೀನು ಅಂಗಡಿ ಬಾಗಿಲಿನ ಅಗುಳಿ ಹಾಕಿದೆ. "ಯಾವ ಕೈ ಅಂದ್ಳು? ನಾನೂ ನೋಡ್ತೀನಿ ಬಾ" ಎಂದು ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ಬೆಳ್ಳಿ ಬಡಿಯುವ ಅಡಿಗಲ್ಲಿಗೆ ಒತ್ತಿ ಸುತ್ತಿಗೆ ಎತ್ತಿದೆ. ಮೊದಲ ಪೆಟ್ಟಿಗೆ ಒಣ ಪುಳ್ಳೆ ಮುರಿದಂಥ ಸದ್ದು ಬಂತು. ಎರಡನೆಯದಕ್ಕೆ ಚರ್ಮ ಬಿರಿಯಿತು, ಮೂಳೆ ಬೆಳ್ಳಗೆ ಕಂಡಿತು. "ಲಿಬೋ, ಬೇಡ" ಅಂದೆ. ಮದುವೆಗೆ ಮುಂಚೆ ಕರೆಯುತ್ತಿದ್ದ ಹೆಸರು ಅದು. ಮೂರನೆಯ ಸಲ ನಿನ್ನ ಸುತ್ತಿಗೆ ಎದ್ದದ್ದು ಕೈಗಲ್ಲ, ನನ್ನ ತಲೆಗೆ. ಅಷ್ಟರಲ್ಲಿ ಅಡುಗೆಮನೆ ಬಾಗಿಲ ಕಡೆಯಿಂದ, ನಿನ್ನ ಹಿಂದಿನಿಂದ, ಒನಕೆ ಬಂದು ನಿನ್ನ ಬಲಗಿವಿಯ ಮೇಲೆ ಬಿತ್ತು. ಕಣ್ಣು ಬಿಟ್ಟಾಗ ನಿನಗೆ ಕಂಡದ್ದು ನನ್ನ ತಮ್ಮ ಎವೆಲಿಯೋ, ಅವನ ಕೈಯಲ್ಲಿ ಒನಕೆ. ಪೊಲೀಸರು ಕೇಳಿದಾಗ "ಹೌದು, ನಾನೇ" ಅಂದ.

ಇದನ್ನೆಲ್ಲ ನಾನು ತಂತಿಯಲ್ಲಿ ಹೇಳಬೇಕಿತ್ತು. ಕೂದಲೆಳೆಯಂಥ ಬೆಳ್ಳಿ ತಂತಿ ಎಳೆದು, ಎರಡೆಳೆ ಹೊಸೆದು, ಸುರುಳಿ ಸುತ್ತಿ ಅಂಗೈ ತುಂಬಿಸಿದೆ. ಎಕ್ಸ್‌ರೇ ಪಕ್ಕದಲ್ಲಿಟ್ಟುಕೊಂಡು ಮೂಳೆ ಎಲ್ಲೆಲ್ಲಿ ಮುರಿದಿತ್ತೋ ಅಲ್ಲಲ್ಲೇ ತಂತಿ ಕತ್ತರಿಸಿದೆ. ಬೆಸುಗೆ ಕಾಣಬಾರದು ಎಂದು ನೀನು ಕಲಿಸಿದ್ದೆ. ನಾನು ಕಾಣಲೆಂದೇ ಚಿನ್ನದಲ್ಲಿ ಬೆಸೆದೆ. ಚಿನ್ನ ನಿನ್ನ ಅಮ್ಮನದು. ತೂಲಿಯಾ ಅತ್ತೆ ಕಿವಿಯಿಂದ ಓಲೆ ಬಿಚ್ಚಿ ಮೇಜಿನ ಮೇಲಿಟ್ಟು, "ಕರಗಿಸು. ನನಗೆ ವಯಸ್ಸಾಯ್ತು, ಯಾರು ನೋಡ್ಬೇಕು?" ಅಂದರು. ನನ್ನ ಬೆರಳಿಗೆ ನಿಲ್ಲದ ತಂತಿಯನ್ನು ಹನ್ನೆರಡು ದಿನವೂ ಚಿಮಟದಲ್ಲಿ ಹಿಡಿದು ಕೂತವರು ಅವರೇ.

ಭಾನುವಾರ ಪೂಜೆ ಮುಗಿದ ಮೇಲೆ ಹರಾಜು. ನನ್ನ ಬೆಳ್ಳಿ ಕೈಯ ಪದಕದ ಸರದಿ ಬಂದಾಗ ಎವೆಲಿಯೋ ಅದನ್ನು ಅಂಗೈಯಲ್ಲಿಟ್ಟುಕೊಂಡು ಜನರಿಗೆ ತೋರಿಸುತ್ತಿದ್ದ. ನಿನ್ನ ಚಿಕ್ಕಪ್ಪನ ಮಗ ಅರ್ಸೇಸಿಯೋ ಗುಂಪು ಸೀಳಿಕೊಂಡು ಬಂದ, ಮೀನು ಕೊಯ್ಯುವ ಚೂರಿ ಹಿಡಿದು. "ಲಿಬಾರ್ದೋ ಕಳಿಸಿದ್ದು! ಆ ಒನಕೆ ಏಟಿಗೆ!" ಎಂದು ಕೂಗಿ ಹೊಟ್ಟೆಗೇ ಹಾಕಿದ. ಎವೆಲಿಯೋ ಕೈ ಅಡ್ಡ ತಂದ. ಚೂರಿ ಅಂಗೈ ತೂರಿ ಹಿಂಬದಿಗೆ ಬಂತು. ಎಳೆದು ಎರಡನೆಯ ಸಲ ತಿವಿದಾಗ ಪಕ್ಕೆಗೆ ತಾಗಿತು. ಮೂರನೆಯದಕ್ಕೆ ಬಿಡದೆ ಮೀನು ಮಾರುವ ಹೆಂಗಸರು ಅರ್ಸೇಸಿಯೋ ಮೇಲೆ ಬಿದ್ದರು. ಬುಟ್ಟಿ, ಬೆಂಚು, ಉಗುರು, ಹಲ್ಲು, ಸಿಕ್ಕಿದ್ದರಲ್ಲಿ ಹೊಡೆದರು. ಪೊಲೀಸರು ಎತ್ತಿಕೊಂಡು ಹೋಗುವಾಗ ಅವನ ಮುಖ ಗುರುತು ಸಿಗುವಂತಿರಲಿಲ್ಲ. ನನಗೆ ಅಯ್ಯೋ ಅನಿಸಲಿಲ್ಲ. ಅನಿಸಲಿಲ್ಲವಲ್ಲ ಎಂದು ಈಗ ಹೆದರಿಕೆಯಾಗುತ್ತದೆ.

ಎವೆಲಿಯೋ ಬದುಕಿದ್ದಾನೆ. ಕೈ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಪದಕವನ್ನು ಆ ಮೀನಿನ ಹೆಂಗಸರೇ ಒಟ್ಟಾಗಿ ಕೂಗಿ ತೆಗೆದುಕೊಂಡರು. "ಅಮಿಂತಾಳ ಹೊಸ ಮನೆ ಬಾಗಿಲಿಗೆ ಮೊಳೆ ಹೊಡೆದು ಹಾಕ್ತೀವಿ" ಎಂದರು. ಸುರುಳಿಗಳ ಸಂದಿನಲ್ಲಿ ನನ್ನ ತಮ್ಮನ ರಕ್ತ ಹೆಪ್ಪುಗಟ್ಟಿತ್ತು. ಸೋಮವಾರವಿಡೀ ಬಿಸಿನೀರು, ನಿಂಬೆಹಣ್ಣು, ಹಳೆಯ ಬ್ರಷ್ಷು ಹಿಡಿದು ತಿಕ್ಕಿ ತೊಳೆದು ಕೊಟ್ಟೆ.

ಡಿಸೆಂಬರಿನಲ್ಲಿ ನಿನ್ನ ಬಿಡುಗಡೆ. ಎವೆಲಿಯೋ ಉಳಿದುಕೊಂಡರೆ ಬಂದು ನಾನೇ ಮುಗಿಸುತ್ತೇನೆ ಎಂದು ಅರ್ಸೇಸಿಯೋ ಹತ್ತಿರ ಹೇಳಿ ಕಳಿಸಿದ್ದೀಯಂತೆ. ನಾನು ಕ್ಷಮೆ ಕೇಳುತ್ತಿಲ್ಲ, ಕೊಡುತ್ತಲೂ ಇಲ್ಲ. ಅವನನ್ನು ಬಿಟ್ಟುಬಿಡು.

ಎದಿಲ್ಮಾ

ಮರೆತ ಮಾತು: ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಲಕೋಟೆ ಅಂಟಿಸಲು ಬಿಡಲಿಲ್ಲ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ: "ಮಗನೇ, ಅವತ್ತು ಹಿಂದಿನಿಂದ ಹೊಡೆದಿದ್ದು ನಾನು. ಆ ಹುಡುಗ ಓಡಿ ಬಂದು ನನ್ನ ಕೈಯಿಂದ ಒನಕೆ ಕಿತ್ಕೊಂಡ, 'ನೀವು ಸುಮ್ನಿರಿ' ಅಂದ. ಮೂರು ವರ್ಷ ಸುಮ್ನಿದ್ದೆ, ಅದೇ ನನ್ನ ತಪ್ಪು. ಡಿಸೆಂಬರಲ್ಲಿ ನೀನು ಬಂದಾಗ ಬಾಗಿಲು ತೆಗೆಯೋದು ನಾನೇ. ಯಾರನ್ನಾದ್ರೂ ಹೊಡೀಲೇಬೇಕು ಅಂದ್ರೆ ನನ್ನನ್ನ ಹೊಡಿ."