ಐದು ಸೆಕೆಂಡ್ ಕಾಯುವ ಸಾಲು

ಸಿದ್ರಾಮ,

ಇದನ್ನು ನಿನಗೆ ಕಳಿಸುವ ಧೈರ್ಯ ನನಗಿಲ್ಲ, ಆದರೂ ಬರೆಯುತ್ತಿದ್ದೇನೆ. ಜುಲೈನಲ್ಲಿ ನಿನ್ನನ್ನು ಕೆಲಸದಿಂದ ತೆಗೆದ ಮೇಲೆ ಹೂಡಿಯ ಆಫೀಸಿನಲ್ಲಿ ನಿನ್ನ ಕಿಟಕಿ ಪಕ್ಕದ ಕುರ್ಚಿ ನನಗೆ ಬಂತು.

ಇವತ್ತು ಬೆಳಿಗ್ಗೆ ವರ್ಷಾಂತ್ಯದ ರಿವ್ಯೂ ಫಾರಂ ತುಂಬಲು ಕೂತೆ. ಸಾಧನೆ ಅನ್ನುವ ಜಾಗಕ್ಕೆ ಏನೂ ಹೊಳೆಯಲಿಲ್ಲ. ಹಳೆಯ ಕೋಡನ್ನಾದರೂ ಚೊಕ್ಕ ಮಾಡೋಣವೆಂದು ತೆರೆದರೆ, ಪ್ರೋಗ್ರಾಂ ಸುಮ್ಮನೆ ಐದು ಸೆಕೆಂಡ್ ಕಾಯುವಂತೆ ನೀನು ಹಾಕಿದ್ದ ಸಾಲು ಸಿಕ್ಕಿತು. ಅದರ ಮೇಲೆ ನೀನೇ ಬರೆದಿಟ್ಟಿದ್ದೆ: ‘ಇದನ್ನ ತಗೀಬ್ಯಾಡ್ರಿ. ತಗಿಯೂದಿದ್ರ ಮೊದಲ ನನ್ನ ಕೇಳ್ರಿ.’

ಕೇಳದೆ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಗ್ರಾಹಕರ ಒಂದೊಂದು ಆರ್ಡರೂ ಎರಡೆರಡು ಸಲ ಹೋಗತೊಡಗಿತು. ಫೋನಿನಲ್ಲಿ ನಿನ್ನ ನಂಬರ್ ಹುಡುಕಿದೆ, ಎದ್ದು ಕಾಫಿ ಮಷೀನಿನವರೆಗೆ ಹೋಗಿಬಂದೆ, ಮತ್ತೆ ನಂಬರ್ ನೋಡಿದೆ. ಕೊನೆಗೆ ಆ ಸಾಲನ್ನು ಮೊದಲಿದ್ದ ಜಾಗದಲ್ಲೇ ಮತ್ತೆ ಹಾಕಿದೆ. ಎಲ್ಲ ಸರಿಹೋಯಿತು.

ಮ್ಯಾನೇಜರ್ ಶ್ರೀಕರ್ ನಗುತ್ತಾ ಬಂದರು. “ಅರ್ಧ ಗಂಟೇಲಿ ಸರಿ ಮಾಡ್ಬಿಟ್ರಲ್ಲ. ಇದನ್ನೇ ಸಾಧನೆ ಅಂತ ಹಾಕಿ. ಸಿದ್ರಾಮ ಇಲ್ದೇನೂ ನಡಿಯುತ್ತೆ ಅಂತ ಜುಲೈನಲ್ಲಿ ನೀವು ಹೇಳಿದ್ದು ಸರಿಯಾಗೇ ಇತ್ತು.”

ಹಾಕಿದೆ. ಮುಂದಿನ ವರ್ಷದ ಗುರಿಯೆಂದು ಏನೋ ಒಂದು ಬರೆದೆ. ಕೊನೆಯ ಪ್ರಶ್ನೆ, ಈ ವರ್ಷ ನಿಮಗೆ ಹೆಚ್ಚು ನೆರವಾದ ಸಹೋದ್ಯೋಗಿ ಯಾರು ಎಂದಿತ್ತು. ಹೆಸರನ್ನು ಪಟ್ಟಿಯಿಂದಲೇ ಆರಿಸಬೇಕು. ನಿನ್ನ ಹೆಸರು ಟೈಪ್ ಮಾಡಿದೆ. ಅಂಥವರು ಯಾರೂ ಇಲ್ಲ ಎಂದಿತು. ತಪ್ಪಾಯಿತೇನೋ ಎಂಬಂತೆ ಇನ್ನೊಮ್ಮೆ, ನಿಧಾನವಾಗಿ ಟೈಪ್ ಮಾಡಿದೆ.

ಖಾಲಿ ಬಿಟ್ಟರೆ ಫಾರಂ ಹೋಗುವುದಿಲ್ಲ, ಸಿದ್ರಾಮ. ಶ್ರೀಕರ್ ಎಂದು ಹಾಕಿ ಅದನ್ನು ಕಳಿಸಿದೆ.

ರಂಜನಿ