ನೀನು ಕೊಟ್ಟುಹೋದ ಗ್ರೀನ್ ಟೀ

ಸಿಂಧಘಟ್ಟ
೯-೨-೨೦೨೪, ಶುಕ್ರವಾರ

ನನ್ನ ಮಗಳು ತನುಶ್ರೀಗೆ ಅವ್ವನ ಆಶೀರ್ವಾದ.

ಒಂಬತ್ತು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಅಳಿಯಂದಿರಿಗೆ ಮಾಡಿದರೆ, ಚೆನ್ನಾಗಿದ್ದಾಳೆ ಅತ್ತೆ, ಸ್ಕೂಲಿನಲ್ಲಿ ಕೆಲಸ ಜಾಸ್ತಿ ಎನ್ನುತ್ತಾರೆ. ಶಿವಶಂಕರ್ ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ದನಿಯಲ್ಲೇ ಗೊತ್ತಾಗುತ್ತದೆ. ಕಾಗದವನ್ನಾದರೂ ಓದುತ್ತೀಯ ಎಂದು ಬರೆಯುತ್ತಿದ್ದೇನೆ. ಪೋಸ್ಟಿಗೆ ಹಾಕಿದರೆ ನಿಮ್ಮ ಬಾಬುರಾಯನಕೊಪ್ಪಲಿಗೆ ಮೂರು ದಿನ ಬೇಕಂತೆ.

ನಾನು ಡೈರಿ ಮುಂದೆ ಹಾಲಿನ ಕ್ಯಾನ್ ಸಮೇತ ಬಿದ್ದ ದಿನ, ನಿಮ್ಮಪ್ಪ ಕೆ.ಆರ್. ಪೇಟೆ ಆಸ್ಪತ್ರೆಯಿಂದಲೇ ನಿನಗೆ ಫೋನ್ ಮಾಡಿ, "ನೀನು ಕೊಟ್ಟ ಆ ಸೊಪ್ಪಿನ ನೀರು ಕುಡ್ದೇ ನಿಮ್ಮವ್ವ ಬಿದ್ದವ್ಳೆ. ಇನ್ಮೇಲೆ ಏನೂ ತರ್ಬೇಡ, ನೀನೂ ಬರ್ಬೇಡ" ಎಂದರಲ್ಲ, ಆಗ ನಾನು ಮಂಚದ ಮೇಲೆ ಎಚ್ಚರವಾಗಿಯೇ ಇದ್ದೆ. ತಡೆಯಲಿಲ್ಲ.

ನಡೆದದ್ದು ಇಷ್ಟು. ಸಂಕ್ರಾಂತಿಗೆ ಬಂದಾಗ ಅಪ್ಪನ ಹೊಟ್ಟೆ ಕರಗಲಿ ಎಂದು ನೀನು ಆ ಡಬ್ಬ ಕೊಟ್ಟೆ. ಹೇಗೆ ಮಾಡಬೇಕೆಂದು ನೀನು ಹೇಳುವಾಗ ನಾನು ಹಸುವಿಗೆ ಹಿಂಡಿ ಕಲಸುತ್ತಾ ಹೂಂಗುಟ್ಟಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಟೀ ಥರವೇ ಮೂರು ಚಮಚ ಸುರಿದು ಕಾಲು ಗಂಟೆ ಕುದಿಸಿದೆ. ಬೇವಿನ ಕಷಾಯವಾಯಿತು. ಅಪ್ಪ ಒಂದು ಗುಟುಕಿಗೇ ಉಗಿದರು. ನೀನು ಕೊಟ್ಟದ್ದನ್ನು ಚೆಲ್ಲಲು ಮನಸ್ಸಾಗದೆ ನಾನೇ ಕುಡಿಯತೊಡಗಿದೆ. ಹಾಲು ಕರೆಯುವ ಮೊದಲು ಬರೀ ಹೊಟ್ಟೆಗೆ ಒಂದು ಲೋಟ, ದಿನಕ್ಕೆ ಒಟ್ಟು ನಾಲ್ಕು. ಸುಸ್ತಿಗೆಂದು ಆಶಾ ಕಾರ್ಯಕರ್ತೆ ಚಿಕ್ಕಬೋರಮ್ಮ ಕೊಟ್ಟಿದ್ದ ರಕ್ತದ ಮಾತ್ರೆಯನ್ನೂ ಅದರಲ್ಲೇ ನುಂಗಿದೆ. ಹೊಟ್ಟೆ ತೊಳೆಸುತ್ತಿತ್ತು. ಒಳ್ಳೆಯ ಔಷಧಿ ಹೀಗೇ ಇರಬೇಕು ಎಂದುಕೊಂಡೆ.

ಆಸ್ಪತ್ರೆಯಲ್ಲಿ ನೋಡಿದರೆ ರಕ್ತ ಏಳಕ್ಕಿಂತ ಕಡಿಮೆ. ಎರಡು ಬಾಟಲು ಏರಿಸಿದರು. ನರ್ಸಮ್ಮ ಎಲ್ಲ ಕೇಳಿ, "ಇದ್ನ ಕುದಿಸ್ಬಾರ್ದು ಕಣವ್ವ. ನೀರು ಕಾಯ್ಸಿ, ಒಲೆ ಆರ್ಸಿ, ಒಂದೆರಡು ನಿಮಿಷ ಬುಟ್ಟು ಎಲೆ ಹಾಕು" ಎಂದರು. ಲೋಟಕ್ಕೆ ಒಂದು ಸಣ್ಣ ಚಮಚ ಸಾಕು, ಎರಡು ಮೂರು ನಿಮಿಷ ಮುಚ್ಚಿಟ್ಟು ಸೋಸಬೇಕು, ಊಟವಾಗಿ ಒಂದು ಗಂಟೆ ಬಿಟ್ಟು ಕುಡಿಯಬೇಕಂತೆ. ರಕ್ತದ ಮಾತ್ರೆಯ ಜೊತೆ ಕುಡಿದರೆ ಮಾತ್ರೆ ಮೈಗೆ ಹತ್ತುವುದಿಲ್ಲವಂತೆ. ನನಗೆ ಸದ್ಯಕ್ಕೆ ಬೇಡವೇ ಬೇಡ ಎಂದರು.

ಮೊನ್ನೆ ಅವರು ಹೇಳಿದ ಹಾಗೆ ಮಾಡಿ ಅಪ್ಪನಿಗೆ ಕೊಟ್ಟೆ. ತಿಳಿ ಹಳದಿ ಬಣ್ಣ ಬಂದಿತ್ತು. ಪೂರ್ತಿ ಕುಡಿದು, "ತನು ಫೋನ್ ಮಾಡಿತ್ತಾ?" ಎಂದರು. ಇಲ್ಲ ಎಂದೆ. ಕೊಟ್ಟಿಗೆ ಕಡೆ ಎದ್ದುಹೋದರು.

ಟೀಯದೇನೂ ತಪ್ಪಿಲ್ಲ ಮಗಳೇ. ನಿನ್ನದಂತೂ ಅಲ್ಲವೇ ಅಲ್ಲ.

ನಿನ್ನ ದನಿ ಕೇಳಲು ಕಾದಿರುವ
ಅವ್ವ, ಅಣ್ಣಮ್ಮ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಹದಿನೈದು ದಿನದ ಟೀಗೆ ರಕ್ತ ಇಷ್ಟು ಇಳಿಯುವುದಿಲ್ಲ, ಬೇರೆ ಏನಿದೆ ಎಂದು ಡಾಕ್ಟರಮ್ಮ ಕೇಳಿದರು. ನಿಮ್ಮಪ್ಪನನ್ನು ಎಳನೀರಿಗೆ ಕಳಿಸಿ ಹೇಳಿದೆ. ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು, ಹೋದ ಆಷಾಢದಿಂದ ಮತ್ತೆ ರಕ್ತ ಹೋಗುತ್ತಿದೆ. ನಾಚಿಕೆ, ಹೆದರಿಕೆ ಎರಡೂ ಆಗಿ ಬಟ್ಟೆ ಬಚ್ಚಿಟ್ಟು ಒಗೆಯುತ್ತಿದ್ದೆ. ಅಪ್ಪ ನಿನ್ನನ್ನು ಬಯ್ದಾಗ, ಎಲ್ಲ ಟೀ ಮೇಲೆಯೇ ಹೋಗಲಿ ಎಂದು ಸುಮ್ಮನಿದ್ದೆ. ಬರುವ ಗುರುವಾರ ಮಂಡ್ಯದಲ್ಲಿ ಸ್ಕ್ಯಾನಿಂಗು. ಗರ್ಭಕೋಶದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರಂತೆ. ನನ್ನ ಜೊತೆ ನೀನು ಬೇಕು.

ಈಗಷ್ಟೇ ನಿಮ್ಮಪ್ಪನಿಗೂ ಹೇಳಿದೆ. ಕಾಗದ ಪೋಸ್ಟಿಗೆ ಬೇಡ, ನಾನೇ ಕೊಟ್ಟು ಬರುತ್ತೇನೆ ಎಂದು ಅಂಗಿ ಹಾಕಿಕೊಳ್ಳುತ್ತಿದ್ದಾರೆ. ಅವರನ್ನು ಬಾಗಿಲಲ್ಲಿ ನಿಲ್ಲಿಸಬೇಡ ತನು.